ಗಡ್ಡೆ ಪೂರ್ತಿ ತೆಗೆದ ಮೇಲೂ ರೇಡಿಯೇಷನ್ ಯಾಕೆ? ಥೈಮೋಮಾದ ಒಂದು ಪ್ರಕರಣ ಅಧ್ಯಯನ

'ಗಡ್ಡೆ ಪೂರ್ತಿ ತೆಗೆದಿದ್ದೀವಿ' ಅಂತ ಸರ್ಜನ್ ಹೇಳಿದ್ದರು. ಎರಡು ವಾರ ಕಳೆದು ಬಂದ, ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ನೋಡಿದ ರೇಡಿಯೇಷನ್ ಡಾಕ್ಟರು, 'ಆರು ವಾರ ಕರೆಂಟ್ ಕೊಡಬೇಕಾಗುತ್ತೆ' ಅಂದರು. ಮನೆಯವರಿಗೆ ತಲೆ ಕೆಟ್ಟುಹೋಯಿತು. ಪೂರ್ತಿ ತೆಗೆದಿದ್ದರೆ ಕರೆಂಟ್ ಯಾಕೆ? ಕರೆಂಟ್ ಬೇಕು ಅಂದ್ರೆ ಪೂರ್ತಿ ತೆಗೆದಿಲ್ಲ ಅಂತ ಅಲ್ವಾ?

ಥೈಮಸ್ ಗ್ರಂಥಿಯ ಗಡ್ಡೆಗೆ, ಅಂದರೆ ಥೈಮೋಮಾಗೆ, ಆಪರೇಷನ್ ಮಾಡಿಸಿಕೊಂಡ ಹಲವು ಕುಟುಂಬಗಳು ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತವೆ. ಅದಕ್ಕೆ ಉತ್ತರ ಹೇಳಲು ಇಲ್ಲಿ ಒಂದು ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಇದು ಯಾವ ಒಬ್ಬ ರೋಗಿಯ ಫೈಲೂ ಅಲ್ಲ. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಜೋಡಿಸಿ ಕಟ್ಟಿದ ಮಾದರಿ ಪ್ರಕರಣ. ಕಾಯಿಲೆ, ಲೆಕ್ಕ, ಚಿಕಿತ್ಸೆಯ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇದೆ.

ರೋಗಿಗೆ 47 ವರ್ಷ. ದಾವಣಗೆರೆ ಕಡೆಯ ಸಣ್ಣ ಊರಿನಲ್ಲಿ ಬ್ಲೌಸ್ ಹೊಲಿಯುವ ಕೆಲಸ. ಸಂಜೆ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಇಳಿಯತೊಡಗಿತು. ಸೂಜಿಗೆ ದಾರ ಪೋಣಿಸುವಾಗ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಬೆಳಿಗ್ಗೆ ಎದ್ದಾಗ ಎಲ್ಲ ಸರಿ. ಕನ್ನಡಕ ಬದಲಿಸಿದರು, ಸರಿಹೋಗಲಿಲ್ಲ. ಕೆಲವು ತಿಂಗಳಲ್ಲಿ ಊಟ ಮುಗಿಯುವಷ್ಟರಲ್ಲಿ ದವಡೆ ಸೋಲಲು ಶುರುವಾಯಿತು. ರೊಟ್ಟಿ ಅಗಿಯುವುದು ಕಷ್ಟ ಅಂತ ಅನ್ನ ಸಾರಿಗೆ ಬಂದು ನಿಂತರು.

ನರರೋಗ ತಜ್ಞರು ಮಾಡಿದ ಮೊದಲ ಪರೀಕ್ಷೆಗೆ ಬೇಕಾಗಿದ್ದು ಒಂದು ಐಸ್ ತುಂಡು, ಅಷ್ಟೇ. ಬಟ್ಟೆಯಲ್ಲಿ ಸುತ್ತಿ ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗದಲ್ಲಿ ತೊಂದರೆ ಇದ್ದರೆ ತಂಪಿಗೆ ಅದು ಸ್ವಲ್ಪ ಹೊತ್ತು ಸುಧಾರಿಸುತ್ತದೆ. ರಕ್ತದಲ್ಲಿ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ ಸಿಕ್ಕಿತು, ಆ ಸಂದೇಶವನ್ನು ತಡೆಯುವ ಪ್ರತಿಕಾಯ ಇದು. ಕಾಯಿಲೆಯ ಹೆಸರು ಮಯಾಸ್ತೀನಿಯಾ ಗ್ರೇವಿಸ್. ಪೈರಿಡೋಸ್ಟಿಗ್ಮಿನ್ ಮಾತ್ರೆ ಶುರುಮಾಡಿ, ಜೊತೆಗೆ ಎದೆಯ ಸಿಟಿ ಸ್ಕ್ಯಾನ್ ಬರೆದುಕೊಟ್ಟರು.

ಕಣ್ಣಿನ ರೆಪ್ಪೆಗೂ ಎದೆಗೂ ಏನು ಸಂಬಂಧ ಅಂತ ಗಂಡ ಕೇಳಿದರು. ಸಂಬಂಧ ಇದೆ. ಥೈಮಸ್ ಇರುವುದು ಎದೆಮೂಳೆಯ ಹಿಂದೆ, ಹೃದಯ ಮತ್ತು ದೊಡ್ಡ ರಕ್ತನಾಳಗಳ ಮುಂದೆ. ಚಿಕ್ಕಂದಿನಲ್ಲಿ ದೊಡ್ಡದಾಗಿರುತ್ತದೆ, ವಯಸ್ಸಿಗೆ ಬಂದಮೇಲೆ ಕುಗ್ಗುತ್ತಾ ಕೊಬ್ಬಾಗಿ ಬಿಡುತ್ತದೆ. ರೋಗನಿರೋಧಕ ಪಡೆಯ ಟಿ ಜೀವಕೋಶಗಳು ಪಳಗುವುದು ಇಲ್ಲೇ. ನಮ್ಮ ದೇಹ ಯಾವುದು, ಹೊರಗಿನದು ಯಾವುದು ಅಂತ ಅವು ಕಲಿಯುವ ಜಾಗ ಇದು. ಇಲ್ಲಿ ಗಡ್ಡೆ ಬೆಳೆದರೆ ಆ ಪಾಠ ಕೆಡಬಹುದು, ಪಡೆ ನಮ್ಮ ಸ್ನಾಯುವಿನ ಮೇಲೇ ತಿರುಗಿಬೀಳಬಹುದು. ಥೈಮೋಮಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಜಾಸ್ತಿ ಜನಕ್ಕೆ ಮಯಾಸ್ತೀನಿಯಾ ಇರುತ್ತದೆ. ಮಯಾಸ್ತೀನಿಯಾ ಇರುವವರಲ್ಲಿ 10ರಿಂದ 15 ಶೇಕಡಾ ಜನರಿಗೆ ಥೈಮೋಮಾ ಇರುತ್ತದೆ. ಹಾಗಾಗಿ ಮಯಾಸ್ತೀನಿಯಾ ಗೊತ್ತಾದ ಪ್ರತಿಯೊಬ್ಬರಿಗೂ ಎದೆಯ ಸ್ಕ್ಯಾನ್ ಆಗಲೇಬೇಕು.

ಈ ಸ್ಕ್ಯಾನಿನಲ್ಲಿ 6.5 ಸೆಂಟಿಮೀಟರಿನ ಗಡ್ಡೆ ಕಂಡಿತು. ಎಡಕ್ಕೆ ವಾಲಿತ್ತು. ಶ್ವಾಸಕೋಶದ ಅಂಚಿಗೆ ಒತ್ತಿಕೊಂಡಂತೆ ಇತ್ತು.

ಸೂಜಿ ಚುಚ್ಚಿ ಬಯಾಪ್ಸಿ ಮಾಡಬೇಕೋ ಬೇಡವೋ ಅನ್ನುವುದು ಮೊದಲ ತೀರ್ಮಾನ. ಬೇಡ ಅಂದರು. ಆಂಟಿಬಾಡಿ ಇದೆ, ಗಡ್ಡೆ ಇರುವ ಜಾಗ ಸರಿಯಾಗಿ ಹೊಂದುತ್ತದೆ, ಆಪರೇಷನ್ನಿನಲ್ಲಿ ತೆಗೆಯಬಹುದು ಅನ್ನಿಸುತ್ತದೆ. ಹೀಗಿದ್ದಾಗ ಸೂಜಿ ಹಾಕಿ ಗಡ್ಡೆಯ ಕವಚ ಒಡೆಯುವುದು ಒಳ್ಳೆಯದಲ್ಲ. ಪ್ಲೂರಾ (ಶ್ವಾಸಕೋಶದ ಹೊದಿಕೆ) ದಾಟಿ ಚುಚ್ಚಿದರೆ ಜೀವಕೋಶಗಳು ಅಲ್ಲಿ ಚೆಲ್ಲುವ ಭಯವೂ ಇದೆ. ಉಳಿದ ಕ್ಯಾನ್ಸರ್‌ಗಳಲ್ಲಿ ಮೊದಲು ಬಯಾಪ್ಸಿ, ಆಮೇಲೆ ಆಪರೇಷನ್ ಅನ್ನುವುದು ರೂಢಿ. ಇಲ್ಲಿ ಹಾಗಲ್ಲ. ತೆಗೆಯಲು ಆಗದಷ್ಟು ಹರಡಿದೆ ಅನ್ನಿಸಿದರೆ ಮಾತ್ರ ಮೊದಲು ಬಯಾಪ್ಸಿ ಮಾಡಿ, ಕಿಮೋ ಕೊಟ್ಟು, ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತಾರೆ.

ಪ್ಲಾಸ್ಮಾ ಬದಲಾವಣೆ (ರಕ್ತದಿಂದ ಆಂಟಿಬಾಡಿ ತೆಗೆಯುವ ಚಿಕಿತ್ಸೆ) ಮಾಡಿ ಸ್ನಾಯುಗಳಿಗೆ ಬಲ ತಂದುಕೊಂಡ ಮೇಲೆ ಎದೆಮೂಳೆ ಸೀಳಿ ಆಪರೇಷನ್ ಆಯಿತು. ಗಡ್ಡೆ ಹೃದಯದ ಹೊದಿಕೆಗೆ ಅಂಟಿತ್ತು, ಎಡ ಶ್ವಾಸಕೋಶದ ಅಂಚಿನೊಳಗೆ ಸ್ವಲ್ಪ ನುಗ್ಗಿತ್ತು. ಹೊದಿಕೆಯ ಒಂದು ತುಂಡು, ಶ್ವಾಸಕೋಶದ ಒಂದು ಚೂರು, ಉಳಿದ ಥೈಮಸ್, ಸುತ್ತಲಿನ ಕೊಬ್ಬು ಎಲ್ಲ ಒಟ್ಟಿಗೇ ತೆಗೆದರು. ಒಂದು ಜಾಗದಲ್ಲಿ ಮಾತ್ರ ಸರ್ಜನ್ ಕೈ ತಡೆಯಿತು. ಅಲ್ಲಿ ಗಡ್ಡೆ ಎಡ ಫ್ರೆನಿಕ್ ನರಕ್ಕೆ ಒರಗಿಕೊಂಡಿತ್ತು.

ಈ ನರ ಹೃದಯದ ಹೊದಿಕೆಯ ಮೇಲಿಂದ ಇಳಿದು ವಪೆಗೆ ಹೋಗುತ್ತದೆ. ವಪೆ ಅಂದರೆ ಉಸಿರು ಎಳೆಯುವ ಮುಖ್ಯ ಸ್ನಾಯು. ನರ ಕತ್ತರಿಸಿದರೆ ಆ ಬದಿಯ ವಪೆ ನಿಂತುಹೋಗುತ್ತದೆ. ಆರೋಗ್ಯವಂತರು ಒಂದು ಬದಿ ಹೋದರೂ ತಡೆದುಕೊಳ್ಳಬಹುದು. ಮಯಾಸ್ತೀನಿಯಾ ಇರುವವರಿಗೆ ಉಸಿರಿನ ಸ್ನಾಯುಗಳೇ ದುರ್ಬಲ. ಅವರಿಗೆ ಇದು ವೆಂಟಿಲೇಟರಿನವರೆಗೆ ಹೋಗಬಹುದಾದ ವಿಷಯ. ಸರ್ಜನ್ ನರವನ್ನು ಉಳಿಸಿ, ಗಡ್ಡೆಯನ್ನು ಅದರಿಂದ ಬಿಡಿಸಿ ತೆಗೆದರು. ಆಮೇಲೆ ಅಲ್ಲಿ ಮೂರು ಸಣ್ಣ ಲೋಹದ ಕ್ಲಿಪ್ ಹಾಕಿದರು. ಹೊರಬಂದ ಗಡ್ಡೆಯನ್ನು ಸುಮ್ನೆ ಡಬ್ಬಿಗೆ ಹಾಕಿ ಕಳಿಸಲಿಲ್ಲ. ಒಂದು ಹಲಗೆಯ ಮೇಲೆ ಪಿನ್ ಮಾಡಿ, ಯಾವುದು ಬಲ, ಯಾವುದು ಎಡ, ನರ ಇದ್ದ ಜಾಗ ಯಾವುದು ಅಂತ ಬರೆದು ಪೆಥಾಲಜಿಗೆ ಕಳಿಸಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಐದು ನಿಮಿಷದ ಕೆಲಸ. ಮುಂದಿನ ಎಲ್ಲ ತೀರ್ಮಾನವೂ ಇದರ ಮೇಲೆ ನಿಂತಿತು.

ರಿಪೋರ್ಟಿನ ಮೂರು ಸಾಲು

ಪೆಥಾಲಜಿಸ್ಟ್ ಗಡ್ಡೆಯ ಹೊರಮೈಗೆಲ್ಲ ಇಂಕ್ ಬಳಿಯುತ್ತಾರೆ. ಆಮೇಲೆ ತೆಳುವಾಗಿ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಡ್ಡೆಯ ಜೀವಕೋಶಕ್ಕೂ ಇಂಕಿಗೂ ನಡುವೆ ಒಳ್ಳೆಯ ಅಂಗಾಂಶ ಇದ್ದರೆ ಅಂಚು ಶುದ್ಧ. ಜೀವಕೋಶ ಇಂಕನ್ನೇ ಮುಟ್ಟಿದ್ದರೆ, ಕತ್ತರಿಸಿದ ಗೆರೆಯ ಆಚೆ, ಅಂದರೆ ರೋಗಿಯ ದೇಹದೊಳಗೆ, ಕೆಲವು ಜೀವಕೋಶ ಉಳಿದಿರುವ ಸಾಧ್ಯತೆ ಇದೆ. ಕಣ್ಣಿಗೆ ಕಾಣುವ ಗಡ್ಡೆ ಏನೂ ಉಳಿದಿರುವುದಿಲ್ಲ. ಸರ್ಜನ್ ಹೇಳಿದ್ದು ಸುಳ್ಳಲ್ಲ, ಪೆಥಾಲಜಿಸ್ಟ್ ಹೇಳಿದ್ದೂ ಸುಳ್ಳಲ್ಲ. ಒಬ್ಬರು ನೋಡಿದ್ದು ಕಣ್ಣಿನಿಂದ, ಇನ್ನೊಬ್ಬರು ಮೈಕ್ರೋಸ್ಕೋಪಿನಿಂದ.

ಈ ರಿಪೋರ್ಟಿನಲ್ಲಿ ಮೂರು ವಿಷಯ ಇದ್ದವು. ಮೊದಲನೆಯದು ಗಡ್ಡೆಯ ಬಗೆ: ಥೈಮೋಮಾ ಬಿ2, ಅಲ್ಲಲ್ಲಿ ಬಿ3. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಎ, ಎಬಿ, ಬಿ1, ಬಿ2, ಬಿ3 ಅಂತ ಥೈಮೋಮಾದ ಮುಖ್ಯ ಬಗೆಗಳು. ಮುಂದಕ್ಕೆ ಹೋದಂತೆ ಮರಳಿ ಬರುವ ಗುಣ ಜಾಸ್ತಿ. ಥೈಮಿಕ್ ಕಾರ್ಸಿನೋಮಾ ಇವೆಲ್ಲಕ್ಕಿಂತ ಬೇರೆ, ಹೆಚ್ಚು ಉಗ್ರ. ಎರಡನೆಯದು ಹಂತ: ಶ್ವಾಸಕೋಶಕ್ಕೆ ನುಗ್ಗಿದ್ದರಿಂದ ಮಸಾವೋಕಾ-ಕೋಗಾ ಪ್ರಕಾರ ಮೂರನೇ ಹಂತ. 1981ರಲ್ಲಿ ಜಪಾನಿನ ಮಸಾವೋಕಾ ಮಾಡಿದ ಈ ವಿಂಗಡಣೆಯನ್ನು 1994ರಲ್ಲಿ ಕೋಗಾ ತಿದ್ದಿದರು. ಈಗ ಹಂತ ಹೇಳಲು ಟಿಎನ್ಎಂ ಅನ್ನುವ ಇನ್ನೊಂದು ಪದ್ಧತಿಯೂ ಇದೆ, ಆದರೆ ರೇಡಿಯೇಷನ್ ಬಗ್ಗೆ ನಡೆದ ಹೆಚ್ಚಿನ ಅಧ್ಯಯನಗಳು ಮಸಾವೋಕಾ ಲೆಕ್ಕದಲ್ಲೇ ಇವೆ. ಮೂರನೆಯದು ಅಂಚು: ಎಡಗಡೆ, ನರದ ಗುರುತು ಇರುವ ಕಡೆ, ಜೀವಕೋಶ ಇಂಕ್ ಮುಟ್ಟಿದೆ.

ಹಲಗೆಯ ಮೇಲಿನ ಗುರುತು ಇಲ್ಲದಿದ್ದರೆ ಈ ಮೂರನೇ ಸಾಲಿಗೆ ಬೆಲೆಯೇ ಇರುತ್ತಿರಲಿಲ್ಲ. ಥೈಮಸ್ ಸುತ್ತಲಿನ ಕೊಬ್ಬು ಮೆತ್ತಗೆ, ಆಪರೇಷನ್ನಿನಲ್ಲೇ ಹರಿಯುತ್ತದೆ. ಹರಿದ ಸಂದಿಗೆ ಇಂಕ್ ಇಳಿದರೆ ಶುದ್ಧ ಅಂಚೂ ಕೆಟ್ಟಂತೆ ಕಾಣುತ್ತದೆ. ಅದಕ್ಕೇ ಈ ತಂಡದಲ್ಲಿ ಸರ್ಜನ್, ಪೆಥಾಲಜಿಸ್ಟ್, ರೇಡಿಯೇಷನ್ ಡಾಕ್ಟರ್ ಒಟ್ಟಿಗೆ ಕೂತು ಫೋಟೋ, ಸ್ಲೈಡ್, ಸ್ಕ್ಯಾನ್ ಮೂರನ್ನೂ ನೋಡಿದರು. ನರದ ಜಾಗವೇ ಅಂತ ಖಚಿತವಾಯಿತು. ಹೀಗೆ ಕೂತು ಮಾತಾಡದೆ, ರಿಪೋರ್ಟಿನ ಒಂದು ಸಾಲು ಓದಿ ಆರು ವಾರದ ರೇಡಿಯೇಷನ್ ಬರೆದುಕೊಡುವುದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಂಚು ಶುದ್ಧವಾಗಿದ್ದರೆ?

ಅಂಚಿನಲ್ಲಿ ಜೀವಕೋಶ ಉಳಿದಿದ್ದರೆ ರೇಡಿಯೇಷನ್ ಕೊಡಬೇಕು ಅನ್ನುವುದರಲ್ಲಿ ದೊಡ್ಡ ಭಿನ್ನಾಭಿಪ್ರಾಯ ಇಲ್ಲ. ಕವಚದೊಳಗೇ ಇದ್ದ ಒಂದನೇ ಹಂತದ ಥೈಮೋಮಾ ಪೂರ್ತಿ ಹೊರಬಂದಿದ್ದರೆ ಬೇಡ ಅನ್ನುವುದರಲ್ಲೂ ಇಲ್ಲ. ಜಗಳ ಇರುವುದು ನಡುವೆ. ಎರಡನೇ, ಮೂರನೇ ಹಂತ, ಅಂಚು ಶುದ್ಧ. ಆಗ?

ಇದು ತುಂಬ ಅಪರೂಪದ ಕಾಯಿಲೆ. ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಯಾವ ಒಂದು ಆಸ್ಪತ್ರೆಯಲ್ಲೂ ಸಾಕಷ್ಟು ರೋಗಿಗಳು ಸಿಗುವುದಿಲ್ಲ. ಅದಕ್ಕೇ ಹಲವು ದೇಶಗಳ ತಜ್ಞರು ಸೇರಿ ಅಂತರರಾಷ್ಟ್ರೀಯ ಥೈಮಸ್ ಗಡ್ಡೆ ಗುಂಪು ಕಟ್ಟಿ, ತಮ್ಮ ರೋಗಿಗಳ ದಾಖಲೆ ಒಂದೆಡೆ ಸೇರಿಸಿದರು. ಅದರಿಂದ 2016ರಲ್ಲಿ ಒಂದು ಲೆಕ್ಕ ಬಂತು. ಎರಡನೇ ಮತ್ತು ಮೂರನೇ ಹಂತದ, ಪೂರ್ತಿ ತೆಗೆದ ಥೈಮೋಮಾದ 1263 ಜನ. ರೇಡಿಯೇಷನ್ ಪಡೆದವರಲ್ಲಿ 10 ವರ್ಷಕ್ಕೆ 86 ಶೇಕಡಾ ಜನ ಬದುಕಿದ್ದರು, ಪಡೆಯದವರಲ್ಲಿ 79. ಐದು ವರ್ಷಕ್ಕೆ 95 ಮತ್ತು 90.

ಕೇಳಲು ಚೆನ್ನಾಗಿದೆ. ಆದರೆ ಇದು ಹಳೆಯ ದಾಖಲೆಗಳನ್ನು ತಿರುಗಿಸಿ ನೋಡಿದ ಲೆಕ್ಕ. ಯಾರಿಗೆ ರೇಡಿಯೇಷನ್ ಕೊಡಬೇಕು ಅಂತ ಆಯಾ ಡಾಕ್ಟರೇ ಆರಿಸಿದ್ದರು. ಗಟ್ಟಿಯಾಗಿದ್ದವರನ್ನೇ ಆರಿಸಿರಲೂಬಹುದು, ಅಲ್ವಾ? ಜಪಾನಿನ ದಾಖಲೆಗಳ ಅಧ್ಯಯನ 2015ರಲ್ಲಿ ಬಂದಾಗ ಚಿತ್ರ ಬೇರೆ ಇತ್ತು. ಎರಡನೇ, ಮೂರನೇ ಹಂತದ ಥೈಮೋಮಾದಲ್ಲಿ ರೇಡಿಯೇಷನ್ನಿನಿಂದ ಲಾಭ ಕಾಣಲಿಲ್ಲ. ಥೈಮಿಕ್ ಕಾರ್ಸಿನೋಮಾದಲ್ಲಿ ಮಾತ್ರ ಕಾಯಿಲೆ ಮರಳುವುದು ಕಡಿಮೆಯಾಗಿತ್ತು. ಈ ಗೊಂದಲ ಬಿಡಿಸಲೆಂದೇ ಫ್ರಾನ್ಸಿನಲ್ಲಿ ರೇಡಿಯೋರಿದ್ಮಿಕ್ ಅನ್ನುವ ಪ್ರಯೋಗ ರೂಪಿಸಿದರು. ಪೂರ್ತಿ ತೆಗೆದ 2ಬಿ (ಎರಡನೇ ಹಂತದ ಎರಡನೇ ಭಾಗ) ಮತ್ತು ಮೂರನೇ ಹಂತದ ಥೈಮೋಮಾದ 314 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ರೇಡಿಯೇಷನ್ ಕೊಡುವುದು, ಇನ್ನೊಂದನ್ನು ಬರೀ ಗಮನಿಸುವುದು ಅದರ ಯೋಜನೆ.

ಈ ಗೊಂದಲದ ಹಿಂದೆ ಒಂದು ಸರಳ ಕಾರಣ ಇದೆ. ಥೈಮೋಮಾ ಮರಳಿ ಬಂದರೆ ಹೆಚ್ಚಾಗಿ ಬರುವುದು ಪ್ಲೂರಾದಲ್ಲಿ. ಶ್ವಾಸಕೋಶದ ಹೊದಿಕೆಯ ಮೇಲೆ, ಕೆಳಗೆ ವಪೆಯ ಹತ್ತಿರ ಸಣ್ಣ ಗಂಟುಗಳಾಗಿ. ರೇಡಿಯೇಷನ್ ಬೀಳುವುದು ಎದೆಮೂಳೆಯ ಹಿಂದೆ, ಗಡ್ಡೆ ಇದ್ದ ಜಾಗಕ್ಕೆ. ಪ್ಲೂರಾದ ಹೆಚ್ಚಿನ ಭಾಗಕ್ಕೆ ಅದು ತಲುಪುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಕಾಯಿಲೆ ಮರಳಬಹುದಾ?' ಅನ್ನುವುದಷ್ಟೇ ಅಲ್ಲ. 'ಎಲ್ಲಿ ಮರಳಬಹುದು? ಅಲ್ಲಿಗೆ ಕಿರಣ ಮುಟ್ಟುತ್ತದಾ?' ಅನ್ನುವುದು. ನಮ್ಮ ರೋಗಿಯಲ್ಲಿ ಜೀವಕೋಶ ಉಳಿದಿರಬಹುದಾದ ಜಾಗ ನಿಖರವಾಗಿ ಗೊತ್ತು. ಅಲ್ಲಿಗೆ ಕಿರಣ ಮುಟ್ಟುತ್ತದೆ. ಅದಕ್ಕೇ ಇವರಿಗೆ ಬೇಕು ಅಂತ ತೀರ್ಮಾನವಾಯಿತು.

ಮಗ ಕೇಳಿದ: 'ಡಾಕ್ಟ್ರೇ, ಅಮ್ಮಂಗೆ ಕಿಮೋ ಕೂಡ ಕೊಡ್ತೀರಾ?' ಬೇಡ ಅಂದರು. ಥೈಮೋಮಾದಲ್ಲಿ ಅಂಚಿನಲ್ಲಿ ಸೂಕ್ಷ್ಮವಾಗಿ ಉಳಿದಿದ್ದಕ್ಕೆ ರೇಡಿಯೇಷನ್ ಸಾಕು. ಕಾರ್ಸಿನೋಮಾ ಆಗಿದ್ದರೆ, ಅಥವಾ ಕಣ್ಣಿಗೆ ಕಾಣುವಷ್ಟು ಗಡ್ಡೆ ಬಿಟ್ಟು ಬಂದಿದ್ದರೆ, ಮಾತು ಬೇರೆ ಇರುತ್ತಿತ್ತು.

54 ಗ್ರೇ, 30 ದಿನ

ರೇಡಿಯೇಷನ್ ಡೋಸನ್ನು ಅಳೆಯುವುದು ಗ್ರೇ ಲೆಕ್ಕದಲ್ಲಿ. ಅಂಚು ಶುದ್ಧವಾಗಿದ್ದರೆ 45ರಿಂದ 50 ಗ್ರೇ, ಅಂಚಿನಲ್ಲಿ ಸೂಕ್ಷ್ಮವಾಗಿ ಉಳಿದಿದ್ದರೆ 54 ಗ್ರೇ, ಗಡ್ಡೆಯೇ ಉಳಿದಿದ್ದರೆ 60ರಿಂದ 70 ಗ್ರೇ. ಇದು ಸಾಮಾನ್ಯ ಅಳತೆ. ಇವರಿಗೆ ದಿನಕ್ಕೆ 1.8 ಗ್ರೇ ಹಾಗೆ 30 ಸಲ, ವಾರಕ್ಕೆ ಐದು ದಿನ. ಗಾಯ ಮಾಗಲಿ ಅಂತ ಕಾದು, ಆಪರೇಷನ್ ಆಗಿ ಏಳನೇ ವಾರಕ್ಕೆ ಶುರುಮಾಡಿದರು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಶುರುವಾಗಬೇಕು. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ ಆಯುಷ್ಮಾನ್ ಯೋಜನೆಯಲ್ಲಿ ಅರ್ಜಿ ಹಾಕಿದರು. ಆ ಕಾಗದಪತ್ರ ಗಾಯ ಮಾಗುವ ಹೊತ್ತಿನಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಪ್ಲಾನಿಂಗ್ ಸ್ಕ್ಯಾನಿನಲ್ಲಿ ಆ ಮೂರು ಕ್ಲಿಪ್ಪುಗಳು ಬೆಳ್ಳಗೆ ಹೊಳೆದವು. ಆಪರೇಷನ್ನಿಗೆ ಮುಂಚಿನ ಸ್ಕ್ಯಾನನ್ನು ಇದರ ಮೇಲೆ ಕೂಡಿಸಿ, ಗಡ್ಡೆ ಇದ್ದ ಜಾಗವನ್ನು ಪದರ ಪದರವಾಗಿ ಗುರುತು ಮಾಡಿದರು. ಹಿಂದೆಲ್ಲ ಎದೆಯ ನಡುಭಾಗಕ್ಕೆ ಇಡಿಯಾಗಿ ಕೊಡುತ್ತಿದ್ದರು. ಈಗ ಹಾಗೆ ಮಾಡುವುದಿಲ್ಲ. ಗಡ್ಡೆ ಇದ್ದ ಜಾಗ, ಸುತ್ತ ಸ್ವಲ್ಪ ಅಂಚು, ಅಷ್ಟೇ. ಕೊರಳಿನ ಕೆಳಗಿನ ಗ್ರಂಥಿಗಳಿಗೆ ಮುಂಜಾಗ್ರತೆಗೆಂದು ಕೊಡುವುದೂ ಇಲ್ಲ. ಉಸಿರಾಡುವಾಗ ಎದೆಯೊಳಗಿನ ಅಂಗಗಳು ಎಷ್ಟು ಅಲ್ಲಾಡುತ್ತವೆ ಅಂತ 4ಡಿ ಸಿಟಿಯಲ್ಲಿ ನೋಡಿಕೊಂಡರು.

ಹೃದಯದ ಲೆಕ್ಕಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಸ್ವೀಡನ್ ಮತ್ತು ಡೆನ್ಮಾರ್ಕಿನ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ 2013ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಒಂದು ಗ್ರೇ ಏರಿದರೆ ಹೃದಯಾಘಾತದಂಥ ತೊಂದರೆಯ ಸಾಧ್ಯತೆ 7.4 ಶೇಕಡಾ ಏರುತ್ತದೆ. ಇಷ್ಟಕ್ಕಿಂತ ಕಡಿಮೆಯಾದರೆ ಏನೂ ಆಗುವುದಿಲ್ಲ ಅನ್ನುವ ಗೆರೆ ಸಿಗಲಿಲ್ಲ. ಥೈಮೋಮಾದವರು ಇನ್ನೂ 20, 30 ವರ್ಷ ಬದುಕಬಹುದಾದವರು. ಅವರ ಹೃದಯ ಇವತ್ತಿಗೆ ಚೆನ್ನಾಗಿದ್ದರೆ ಸಾಲದು. ಹಾಗಾಗಿ ಐಎಂಆರ್‌ಟಿ (ಕಿರಣದ ಬಲವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡುವ) ವಿಧಾನದಲ್ಲಿ ಎರಡು ಮೂರು ಪ್ಲಾನ್ ಮಾಡಿ, ಹೃದಯಕ್ಕೂ ಶ್ವಾಸಕೋಶಕ್ಕೂ ಕಡಿಮೆ ಬೀಳುವುದನ್ನು ಆರಿಸಿದರು.

ಪ್ರೋಟಾನ್ ವಿಷಯವೂ ಬಂತು. ಪ್ರೋಟಾನ್ ಕಿರಣ ಒಂದು ಆಳಕ್ಕೆ ಹೋಗಿ ನಿಲ್ಲುತ್ತದೆ, ಹಿಂದಿನ ಹೃದಯಕ್ಕೆ ಕಡಿಮೆ ಬೀಳುತ್ತದೆ. ಚೆನ್ನೈನಲ್ಲಿ 2019ರಿಂದ ಇದೆ, ಆಮೇಲೆ ನವಿ ಮುಂಬೈನ ಟಾಟಾ ಕೇಂದ್ರದಲ್ಲೂ ಬಂತು. ಚಿಕ್ಕ ವಯಸ್ಸಿನವರಿಗೆ, ಅಥವಾ ಮಾಮೂಲಿ ಪ್ಲಾನಿನಲ್ಲಿ ಹೃದಯದ ಡೋಸ್ ಇಳಿಯದೇ ಇದ್ದರೆ, ಕೇಳಿ ನೋಡುವುದು ಸರಿ. ಆದರೆ ಈ ಕಾಯಿಲೆಯಲ್ಲಿ ಪ್ರೋಟಾನ್ ಪಡೆದವರು ಹೆಚ್ಚು ವರ್ಷ ಬದುಕುತ್ತಾರೆ ಅಂತ ತೋರಿಸಿದ ಪ್ರಯೋಗ ಇಲ್ಲ. ಇದಕ್ಕೋಸ್ಕರ ಹೊಲ ಮಾರಬೇಡಿ ಅಂತ ಡಾಕ್ಟರು ನೇರವಾಗಿ ಹೇಳಿದರು. ಹೀಗೆ ನೇರವಾಗಿ ಹೇಳುವವರು ಬೇಕು.

ಮಯಾಸ್ತೀನಿಯಾ ಇರುವವರಿಗೆ ರೇಡಿಯೇಷನ್ ಟೇಬಲ್ ಮೇಲೆ ಮಲಗುವುದೇ ಒಂದು ಕೆಲಸ. ಎರಡೂ ಕೈ ತಲೆಯ ಮೇಲೆ ಎತ್ತಿ, ಅಂಗಾತ, ಅಲ್ಲಾಡದೆ ಇರಬೇಕು. ಮೊದಲ ದಿನ ಇವರ ಕೈ ನಡುಗಿ ಜಾರಿದವು. ಮಧ್ಯಾಹ್ನದ ಸರದಿ ಕೊಟ್ಟಿದ್ದರು, ಮಾತ್ರೆಯ ಪ್ರಭಾವ ಅಷ್ಟು ಹೊತ್ತಿಗೆ ಇಳಿದಿತ್ತು. ಟೆಕ್ನಿಷಿಯನ್ ಒಬ್ಬರು ಇದನ್ನು ಗಮನಿಸಿ ಸರದಿಯನ್ನು ಬೆಳಿಗ್ಗೆಗೆ ಹಾಕಿಸಿದರು. ಪೈರಿಡೋಸ್ಟಿಗ್ಮಿನ್ ನುಂಗಿ ಸುಮಾರು ಒಂದು ಗಂಟೆಗೆ ಟೇಬಲ್ ಮೇಲೆ. ಕೈಗೆ ಒರಗಲು ಆಸರೆ ಇಟ್ಟರು. ಆಮೇಲೆ ತೊಂದರೆ ಆಗಲಿಲ್ಲ.

ಮೂರನೇ ವಾರ ನುಂಗಲು ಕಷ್ಟ ಅಂದರು. ಇಲ್ಲಿ ಎಚ್ಚರ ತಪ್ಪಬಾರದು. ರೇಡಿಯೇಷನ್ನಿನಿಂದ ಅನ್ನನಾಳದ ಒಳಪದರ ಉರಿಯುವುದು ಸಾಮಾನ್ಯ, ಬರುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಮಯಾಸ್ತೀನಿಯಾ ಉಲ್ಬಣಿಸಿದರೂ ನುಂಗಲು ಆಗುವುದಿಲ್ಲ. ಮೊದಲನೆಯದಕ್ಕೆ ಮೆತ್ತನೆಯ ಊಟ, ಸಿರಪ್ ಸಾಕು. ಎರಡನೆಯದಕ್ಕೆ ಐಸಿಯು ಬೇಕಾಗಬಹುದು. ಡಾಕ್ಟರು ಕೇಳಿದ್ದು ಇಷ್ಟು: ನೋವಾ, ಸೋಲಾ? ಬಿಸಿ ಸಾರು ಎದೆಯಲ್ಲಿ ಉರಿಯುತ್ತದಾ, ನೀರು ಮೂಗಿಗೆ ಬರುತ್ತದಾ? ಬೆಳಿಗ್ಗೆ ಸಂಜೆ ಒಂದೇ ಥರ ಇದೆಯಾ, ಸಂಜೆಗೆ ಜಾಸ್ತಿಯಾ? ದನಿ ಮೂಗಿನಿಂದ ಬಂದಂತೆ ಆಗಿದೆಯಾ? ಆಮೇಲೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಲು ಹೇಳಿದರು. ಹಿಂದಿನ ವಾರ ಎಣಿಸಿದಷ್ಟೇ ಎಣಿಸಿದರು. ನೋವಿತ್ತು, ಸೋಲು ಇರಲಿಲ್ಲ. ಖಾರ ಬಿಟ್ಟು, ಗಂಜಿ, ಮೊಸರನ್ನ, ರಾಗಿ ಅಂಬಲಿ ಕುಡಿದುಕೊಂಡು ಉಳಿದ ವಾರಗಳನ್ನು ದಾಟಿಸಿದರು. ಎಣಿಕೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅವತ್ತೇ ಅಡ್ಮಿಟ್ ಮಾಡುತ್ತಿದ್ದರು.

ಇವರ ಪರ್ಸಿನಲ್ಲಿ ಒಂದು ಚೀಟಿ ಇದೆ. ಮಯಾಸ್ತೀನಿಯಾ ಇದೆ; ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್, ಅಜಿಥ್ರೋಮೈಸಿನ್, ಮೆಗ್ನೀಸಿಯಂ ಇಂಜೆಕ್ಷನ್, ಬೀಟಾ ಬ್ಲಾಕರ್ ಕೊಡುವ ಮುಂಚೆ ನರರೋಗ ತಜ್ಞರನ್ನು ಕೇಳಿ ಅಂತ ಬರೆದಿದೆ. ಇವು ಮಯಾಸ್ತೀನಿಯಾ ಜಾಸ್ತಿ ಮಾಡಬಹುದು. ಕೆಮ್ಮು ಅಂತ ಹೋದರೆ ಊರಿನ ಕ್ಲಿನಿಕ್ಕಿನಲ್ಲಿ ಕೈಗೆ ಸಿಗುವುದು ಇವುಗಳಲ್ಲೇ ಒಂದು. ರೇಡಿಯೇಷನ್ ಆದ ಒಂದರಿಂದ ಆರು ತಿಂಗಳಲ್ಲಿ ಒಣ ಕೆಮ್ಮು, ಸಣ್ಣ ಜ್ವರ, ಏದುಸಿರು ಬಂದರೆ ಅದು ಸೋಂಕು ಅಲ್ಲದೆ ರೇಡಿಯೇಷನ್ನಿನಿಂದ ಶ್ವಾಸಕೋಶ ಊದಿಕೊಂಡಿದ್ದೂ ಆಗಿರಬಹುದು. ಅದಕ್ಕೆ ಔಷಧಿ ಆಂಟಿಬಯಾಟಿಕ್ ಅಲ್ಲ, ಸ್ಟೀರಾಯ್ಡ್. ಅದನ್ನೂ ಮಯಾಸ್ತೀನಿಯಾದವರಿಗೆ ಒಮ್ಮೆಲೇ ಜಾಸ್ತಿ ಡೋಸ್ ಕೊಟ್ಟರೆ ಮೊದಮೊದಲು ಬಲ ಇನ್ನೂ ಇಳಿಯಬಹುದು. ಹಾಗಾಗಿ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಫೋನ್ ಮಾಡಿ ಅಂತ ಚೀಟಿಯ ಹಿಂದೆ ನಂಬರ್ ಇದೆ.

ಗಡ್ಡೆ ಹೋದ ಮಾತ್ರಕ್ಕೆ ಮಯಾಸ್ತೀನಿಯಾ ಹೋಗಲಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಮಾತ್ರೆ ಕಡಿಮೆಯಾಗಿದೆ, ನಿಂತಿಲ್ಲ. ಮಷಿನ್ ಮುಂದೆ ಮತ್ತೆ ಕೂತಿದ್ದಾರೆ, ಬೆಳಿಗ್ಗೆ ಹೊತ್ತು ಮಾತ್ರ ಹೊಲಿಯುತ್ತಾರೆ.

ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ ಎದೆಯ ಸಿಟಿ, ಆಮೇಲೆ ವರ್ಷಕ್ಕೊಮ್ಮೆ, ಒಟ್ಟು 10 ವರ್ಷ. ಐದು ವರ್ಷ ಆಯಿತು, ಸಾಕು ಅಂತ ಬಿಡುವ ಹಾಗಿಲ್ಲ. ಥೈಮೋಮಾ ತಡವಾಗಿ ಮರಳುವ ಕಾಯಿಲೆ. ಪ್ರತಿ ಸ್ಕ್ಯಾನಿನಲ್ಲೂ ರೇಡಿಯೇಷನ್ ಬಿದ್ದ ಜಾಗದ ಜೊತೆಗೆ ಎಡ ಪ್ಲೂರಾವನ್ನು ವಪೆಯ ತುದಿಯವರೆಗೂ ನೋಡಿ ಅಂತ ರೇಡಿಯಾಲಜಿಸ್ಟರಿಗೆ ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಅಲ್ಲಿ ಒಂದೆರಡು ಗಂಟು ಬೇಗ ಸಿಕ್ಕರೆ ಮತ್ತೆ ಆಪರೇಷನ್ ಮಾಡಿ ತೆಗೆಯಬಹುದು, ಹಾಗೆ ತೆಗೆಸಿಕೊಂಡು ಎಷ್ಟೋ ವರ್ಷ ಚೆನ್ನಾಗಿರುವವರಿದ್ದಾರೆ.